ಕಾಡಲ್ಲೇ ಹುಟ್ಟಿದವರಿಗೆ ಕಾಡಿನ ಪಾಠ ಬೇಕೆ?

ಓದುಗರ ಪ್ರಶ್ನೆ: ಅಭಯಾರಣ್ಯದ ಅಂಚಿನ ಊರುಗಳಲ್ಲಿ, ಹಾಡಿ–ಪೋಡುಗಳಲ್ಲಿ ಆಗಾಗ ‘ಪರಿಸರ ಜಾಗೃತಿ’ ಕಾರ್ಯಕ್ರಮ ನಡೆಯುತ್ತದೆ. ತಲೆತಲಾಂತರದಿಂದ ಕಾಡಲ್ಲೇ ಬಾಳಿದವರಿಗೆ ಕಾಡು ಉಳಿಸಿ ಎಂದು ಹೊರಗಿನವರು ಹೋಗಿ ಹೇಳಬೇಕೆ? ಅದರಿಂದ ಏನಾದರೂ ಪ್ರಯೋಜನ ಇದೆಯೇ?

ಪಾಠ ಬೇಕು. ಆದರೆ ಈಗ ಹೇಳಿಕೊಡುವುದರಲ್ಲಿ ಬಹುಪಾಲು ಬೇರೆ ಯಾರಿಗೋ ಬರೆದ ಪಾಠ. ಪ್ಲಾಸ್ಟಿಕ್ ಎಸೆಯಬೇಡಿ, ಮರ ಕಡಿಯಬೇಡಿ, ಬೆಂಕಿ ಹಚ್ಚಬೇಡಿ ಎಂಬ ಮೂರು ಮಾತು ಎಲ್ಲ ಕಾಡಿಗೂ ಹೊಂದುತ್ತವೆ ಎಂದುಕೊಂಡು ಹೊರಟರೆ ಹೇಗೆ ಎಡವುತ್ತೇವೆ ಎನ್ನುವುದಕ್ಕೆ ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ.

ಬೆಟ್ಟದ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರು ಅದುವರೆಗೆ ಬೇಸಿಗೆ ಏರುವ ಮೊದಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ಹುಲ್ಲು, ಉದುರಿದ ಎಲೆ ಸುಟ್ಟು ತಾನಾಗಿ ಆರುವ ಸಣ್ಣ ಬೆಂಕಿ ಅದು. ಅಭಯಾರಣ್ಯವಾದ ಮೇಲೆ ಅದು ನಿಂತಿತು, ಬೆಂಕಿ ಹಾಕುವವನು ಅಪರಾಧಿಯಾದ. ಆಮೇಲೆ ಲಂಟಾನ ಎಂಬ ಕಳೆಪೊದೆ ಹಬ್ಬಿತು. ಸಂಶೋಧಕರು ಬೆಟ್ಟದುದ್ದಕ್ಕೂ ಗುರುತು ಮಾಡಿಟ್ಟ ತಾಕುಗಳಲ್ಲಿ 1997ರಲ್ಲಿ ಶೇ 40ರ ಆಸುಪಾಸಿನಲ್ಲಿ ಲಂಟಾನ ಇತ್ತು; 2008ರ ಹೊತ್ತಿಗೆ ಶೇ 80ರಷ್ಟು ತಾಕುಗಳಲ್ಲಿ ಕಾಣಿಸಿಕೊಂಡಿತು. ಅದರ ಬುಡದಲ್ಲಿ ಹುಲ್ಲು ಚಿಗುರುವುದಿಲ್ಲ, ಮರದ ಸಸಿ ಮೇಲೇಳುವುದಿಲ್ಲ. ಕಡವೆ, ಕಾಟಿಗಳ ಮೇವು ಕುಗ್ಗುತ್ತದೆ.

ಹಿರಿಯ ಸೋಲಿಗರು ಇದಕ್ಕೆ ಕೊಡುವ ಕಾರಣ ನೇರವಾಗಿದೆ: ತರಗು ಬೆಂಕಿ ನಿಂತಿತು, ಲಂಟಾನದ ಎಳೆ ಸಸಿಗಳು ಸಾಯದೆ ಉಳಿದವು. ನೆಲ್ಲಿಮರಗಳು ಸೊರಗಿದಾಗ ಕಾಯಿ ಕೊಯ್ಯುವವರ ಮೇಲೆ ಅನುಮಾನ ಬರುವುದು ವಾಡಿಕೆ. ಆದರೆ ಸೋಲಿಗರು ತೋರಿಸಿದ್ದು ಕೊಂಬೆಗಳ ಮೇಲೆ ಕೂತು ಮರದ ಸತ್ವ ಹೀರುವ ಬಂದಳಿಕೆಯನ್ನು. ಹಿಂದೆ ಅದನ್ನೂ ಬೆಂಕಿಯೇ ಹದ್ದುಬಸ್ತಿನಲ್ಲಿ ಇಡುತ್ತಿತ್ತು ಎನ್ನುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಈ ಮಾತುಗಳನ್ನು ದಾಖಲಿಸಿ, ತಮ್ಮ ಅಳತೆಗಳ ಜತೆ ಇಟ್ಟು ನೋಡಿದರು. ಬೆಂಕಿ ನಿಂತದ್ದೊಂದೇ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಮುಗಿದಿಲ್ಲ. ಹಾಗೆಂದು ಈಗ ಹೋಗಿ ಕಡ್ಡಿ ಗೀರುವಂತೆಯೂ ಇಲ್ಲ. ಆಳೆತ್ತರ ಬೆಳೆದ ಒಣ ಲಂಟಾನಕ್ಕೆ ತಾಗಿದ ಬೆಂಕಿ ಮರದ ನೆತ್ತಿಗೇ ಏರುತ್ತದೆ. ಇದನ್ನೂ ಸೋಲಿಗರೇ ಹೇಳುತ್ತಾರೆ. ಒಂದು ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ? ಆದರೆ ಆ ಮಕ್ಕಳ ಎದುರಿನ ಭಿತ್ತಿಪತ್ರದಲ್ಲಿ ಇರುವುದು ‘ಬೆಂಕಿ ಹಚ್ಚಬೇಡಿ’ ಎಂಬುದಷ್ಟೇ.

ಅದೇ ಘೋಷಣೆ ಸರಿಹೊಂದುವ ಕಾಡೂ ಇದೆ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಗ್ವಾನಕಾಸ್ಟೆ ಎಂಬ ಸಂರಕ್ಷಿತ ಪ್ರದೇಶವಿದೆ. ದನದ ಮೇವಿಗೆಂದು ಆಫ್ರಿಕಾದಿಂದ ತಂದ ಜರಾಗ್ವಾ ಹುಲ್ಲು ಅಲ್ಲಿನ ಒಣ ಕಾಡಿನ ನೆಲವನ್ನೆಲ್ಲ ಆವರಿಸಿತ್ತು. ಜನ ಹಚ್ಚುವ ಬೆಂಕಿ ಬೇಸಿಗೆ ಬೇಸಿಗೆಗೂ ಮರದ ಸಸಿಗಳನ್ನು ಸುಟ್ಟುಹಾಕುತ್ತಿತ್ತು. ಅಲ್ಲಿ ಬೆಂಕಿ ತಡೆದದ್ದೇ ಕಾಡು ಮರಳಲು ದಾರಿಯಾಯಿತು. 1980ರ ದಶಕದ ಮಧ್ಯದಲ್ಲಿ ಜೀವವಿಜ್ಞಾನಿಗಳಾದ ಡೇನಿಯಲ್ ಜಾನ್ಜೆನ್ ಮತ್ತು ವಿನ್ನಿ ಹಾಲ್‌ವಾಕ್ಸ್ ಈ ಕೆಲಸಕ್ಕೆ ಕೈ ಹಾಕಿದಾಗ ಊರಿನವರನ್ನು ಹೊರಗಿಡಲಿಲ್ಲ. ಬೆಂಕಿ ಆರಿಸುವ ತಂಡಕ್ಕೆ ಅಲ್ಲಿನ ಜನರನ್ನೇ ತೆಗೆದುಕೊಂಡರು. ಸುತ್ತಲ ಶಾಲೆಗಳ ನಾಲ್ಕರಿಂದ ಆರನೇ ತರಗತಿಯ ಮಕ್ಕಳಿಗೆ ಕಾಡನ್ನೇ ತರಗತಿ ಮಾಡಿದರು. ಆ ಪಾಠ ದಶಕಗಳಿಂದ ನಡೆದು ಬಂದಿದೆ. 1989ರಲ್ಲಿ ಹಳ್ಳಿಯವರಿಗೇ ಕೀಟ, ಗಿಡಗಳ ಮಾದರಿ ಸಂಗ್ರಹಿಸಿ ವಿಂಗಡಿಸುವ ತರಬೇತಿ ಕೊಟ್ಟು ಸಂಬಳದ ಕೆಲಸ ಕೊಡುವುದೂ ಶುರುವಾಯಿತು. ಪಾಠ ಕಲಿತವರಿಗೆ ಆ ಕಾಡಿನಲ್ಲಿ ಒಂದು ಬದುಕೂ ಸಿಗುತ್ತದೆ ಎಂಬುದು ಮಗುವಿನ ಕಣ್ಣಿಗೆ ಕಾಣುವಂತಿತ್ತು.

ನಮ್ಮಲ್ಲಿ ಆದದ್ದು ಬೇರೆ. ನೆಲ್ಲಿಕಾಯಿ, ಜೇನು, ಪಾಚಿ, ಸೀಗೆಕಾಯಿ ತರಲು ಅಪ್ಪ–ಅವ್ವನ ಹಿಂದೆ ಹೋಗುವುದೇ ಸೋಲಿಗರ ಮಕ್ಕಳಿಗೆ ಶಾಲೆಯಾಗಿತ್ತು. ಯಾವ ಮರದಲ್ಲಿ ಹೆಜ್ಜೇನು ಕೂರುತ್ತದೆ, ಎಷ್ಟು ಕೊಯ್ದು ಎಷ್ಟು ಬಿಡಬೇಕು, ಆನೆಯ ವಾಸನೆ ಹೇಗಿರುತ್ತದೆ ಎಂಬುದನ್ನೆಲ್ಲ ಕಲಿಯುತ್ತಿದ್ದದ್ದು ಅಲ್ಲೇ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದಾಗಿ ಕೆಲವೇ ವರ್ಷಗಳಲ್ಲಿ ಮಾರಾಟಕ್ಕೆಂದು ಕಾಡಿನ ಉತ್ಪನ್ನ ತರುವುದು ನಿಂತಿತು. ಸಂಪಾದನೆಯ ಜತೆಗೆ ಆ ಶಾಲೆಗೂ ಬೀಗ ಬಿತ್ತು. ಅತ್ತ ಆಶ್ರಮ ಶಾಲೆಯ ಹಾಸ್ಟೆಲ್‌ನಲ್ಲಿ ಉಳಿದ ಮಗು ಅಜ್ಜನ ಜತೆ ಕಾಡಿಗೆ ಹೋಗುವುದು ರಜೆಯಲ್ಲಷ್ಟೇ. ಹಾಗಾಗಿ ‘ಕಾಡಲ್ಲೇ ಹುಟ್ಟಿದವರಿಗೆ ಎಲ್ಲ ಗೊತ್ತು’ ಎಂಬ ಮಾತು ಅಜ್ಜನಿಗೆ ನಿಜ, ಮೊಮ್ಮಗನಿಗೆ ಪೂರ್ತಿ ನಿಜವಲ್ಲ. ಪಾಠ ಬೇಕು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೇ. ಅದನ್ನು ಹೇಳಿಕೊಡಬೇಕಾದವರು ಮೊದಲು ಆ ಅಜ್ಜಂದಿರು.

2011ರಲ್ಲಿ ಎರಡು ಸಂಗತಿ ನಡೆದವು. ವರ್ಷದ ಆರಂಭದಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮಾನ್ಯತೆ ಸಿಕ್ಕಿತು. ಹುಲಿ ಇರುವ ಕಾಡಿನೊಳಗೆ ಬಾಳುವ ಜನರಿಗೆ ಇಂಥ ಹಕ್ಕು ಸಿಕ್ಕಿದ್ದು ದೊಡ್ಡ ಮಾತು. ಕಾಡು ನಿನ್ನದೂ ಹೌದು ಎಂದು ಹೇಳಿದ ಮೇಲೆ ಉಳಿಸು ಎನ್ನುವ ಮಾತಿಗೆ ತೂಕ ಬರುತ್ತದೆ.

ಪ್ರಶ್ನೆಯ ಇನ್ನೊಂದು ಭಾಗ ಕಾಡಂಚಿನ ರೈತರದು. ಅವರು ಸೋಲಿಗರಲ್ಲ, ಅವರ ಕಷ್ಟವೂ ಬೇರೆ. ರಾತ್ರಿಯಿಡೀ ಅಟ್ಟಣೆಯಲ್ಲಿ ಕೂತು ರಾಗಿ ಕಾದು, ಬೆಳಿಗ್ಗೆ ಆನೆ ತುಳಿದ ಹೊಲ ನೋಡಿದವನಿಗೆ ಆನೆಯ ಮಹಿಮೆ ಹೇಳಿದರೆ ಕೋಪ ಬರುವುದು ಸಹಜ. ಬಂಡೀಪುರ, ನಾಗರಹೊಳೆಯ ಸುತ್ತ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ ಹಿಡಿದ ದಾರಿ ಈ ವಿಷಯದಲ್ಲಿ ಗಮನಿಸುವಂಥದು. 2015ರಲ್ಲಿ ಅದು ‘ವೈಲ್ಡ್ ಸೇವೆ’ ಆರಂಭಿಸಿತು: ಬೆಳೆ ಹೋದವರು, ದನ ಕಳೆದುಕೊಂಡವರು ಫೋನ್ ಮಾಡಿದರೆ ಸ್ಥಳಕ್ಕೆ ಬಂದು, ಸರ್ಕಾರದ ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗುವುದು. ಹಳ್ಳಿ ಶಾಲೆಗಳ ಮಕ್ಕಳಿಗಾಗಿ ‘ವೈಲ್ಡ್ ಶಾಲೆ’ ಬಂದದ್ದು ಅದಾದ ಮೇಲೆ, 2018ರಲ್ಲಿ. ಪ್ರಾಣಿಗಳ ಪರಿಚಯದ ಜತೆಗೆ ಅವುಗಳ ನಡುವೆ ಅಪಾಯವಿಲ್ಲದೆ ಬಾಳುವುದು ಹೇಗೆ ಎಂಬುದೂ ಆ ಪಾಠದಲ್ಲಿದೆ. ನಷ್ಟವಾದಾಗ ಮನೆಗೆ ಬಂದವರು ಆಮೇಲೆ ಶಾಲೆಗೂ ಬಂದರೆ ಅವರ ಮಾತು ಕೇಳುವ ಕಿವಿಯೇ ಬೇರೆ.

ಸರ್ಕಾರಿ ಶಾಲೆಯ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ‘ಚಿಣ್ಣರ ವನದರ್ಶನ’ ನಮ್ಮ ಅರಣ್ಯ ಇಲಾಖೆಯಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ವಾಚರ್‌ಗಳಾಗಿ ದುಡಿಯುವವರಲ್ಲಿ ಸೋಲಿಗರೂ ಇದ್ದಾರೆ. ಮಕ್ಕಳ ಮುಂದೆ ನಡೆಯುವ ಕೆಲಸವನ್ನು ಅವರಿಗೆ ಒಪ್ಪಿಸಿ, ಅದಕ್ಕೆ ದಿನಗೂಲಿಯ ಮೇಲೆ ಬೇರೆ ಸಂಭಾವನೆ ಕೊಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ನಿಮ್ಮೂರಿನ ಹತ್ತಿರ ಇಂಥ ಕಾರ್ಯಕ್ರಮ ನಡೆದರೆ ಎರಡು ಪ್ರಶ್ನೆ ಕೇಳಿ: ಈ ಪಾಠದಲ್ಲಿ ಇದೇ ಕಾಡಿಗೆ ಸೇರಿದ್ದು ಎಷ್ಟಿದೆ? ಹೇಳಿಕೊಡುವವರಲ್ಲಿ ಇಲ್ಲಿಯವರು ಯಾರಿದ್ದಾರೆ?