ಪ್ರೋಟೀನ್ ಗಂಟು ಕಟ್ಟಿದರೆ ಜೀವಕೋಶ ಸತ್ತೇ ಹೋಗುತ್ತದಾ?

ಅದೇ ಪ್ರಶ್ನೆ ಮತ್ತೆ ಬಂದಿದೆ: "ಆಲ್ಜೈಮರ್, ಪಾರ್ಕಿನ್ಸನ್ ಇರುವವರ ಮಿದುಳಿನಲ್ಲಿ ಪ್ರೋಟೀನ್ ಗಂಟುಗಳು ಇರುತ್ತವಂತೆ. ನರಕೋಶ ಸಾಯೋದು ಅವುಗಳಿಂದಲೇ ಅಲ್ವಾ?"

ಗಂಟು ಇರುವುದು ನಿಜ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಆದ ಮುದ್ದೆಯೇ ಈ ಗಂಟು. ಆದರೆ ಗಂಟು ದೊಡ್ಡದಾದಷ್ಟೂ ಅಪಾಯ ಜಾಸ್ತಿ ಅನ್ನುವ ನಂಬಿಕೆ ಇದೆಯಲ್ಲ, ಎಷ್ಟು ಸಲ ಹೇಳಿದರೂ ಅದು ಜಾಗ ಬಿಟ್ಟು ಕದಲುತ್ತಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಸತ್ತ ಮಿದುಳನ್ನು ಕೊಯ್ದು ನೋಡಿದಾಗ ಗಂಟೂ ಕಾಣುತ್ತದೆ, ಕೋಶ ನಾಶವಾಗಿರುವುದೂ ಕಾಣುತ್ತದೆ. ಯಾವುದು ಮೊದಲು ಆಯಿತು ಅಂತ ಅದು ಹೇಳುವುದಿಲ್ಲ. ಅದಕ್ಕೆ ಬದುಕಿರುವ ಕೋಶವನ್ನೇ ಕಾಯುತ್ತಾ ಕೂರಬೇಕು. 2004ರಲ್ಲಿ ಅಮೆರಿಕದ ನರವಿಜ್ಞಾನಿ ಸ್ಟೀವನ್ ಫಿಂಕ್‌ಬೈನರ್ ಅವರ ತಂಡ ಮಾಡಿದ್ದು ಅದನ್ನೇ. ಹಂಟಿಂಗ್ಟನ್ ಅನ್ನುವುದೂ ಇಂಥದ್ದೇ ಗಂಟು ಕಟ್ಟುವ, ನರಕೋಶ ಸಾಯುವ ಕಾಯಿಲೆ; ಅದರ ಕೆಟ್ಟ ಪ್ರೋಟೀನಿಗೆ ಹೊಳೆಯುವ ಗುರುತು ಹಚ್ಚಿ ಇಲಿಯ ನರಕೋಶಗಳಲ್ಲಿ ಇಟ್ಟರು. ತಾನಾಗಿ ಓಡುವ ಸೂಕ್ಷ್ಮದರ್ಶಕ ದಿನಗಟ್ಟಲೆ ಅದೇ ಕೋಶಕ್ಕೆ ಮತ್ತೆ ಮತ್ತೆ ಬಂದು ಚಿತ್ರ ತೆಗೆಯಿತು. ಎಷ್ಟೋ ಕೋಶಗಳು ಗಂಟು ಕಟ್ಟುವ ಮೊದಲೇ ಸತ್ತವು. ಗಂಟು ಕಟ್ಟಿದವು ಹೆಚ್ಚು ಕಾಲ ಬದುಕಿದವು! ಗಂಟು ಮೂಡುತ್ತಿದ್ದ ಹಾಗೆ ಕೋಶದ ಉಳಿದ ಕಡೆ ಚದುರಿದ್ದ ಕೆಟ್ಟ ಪ್ರೋಟೀನ್ ಕಡಿಮೆಯಾಗಿತ್ತು. ಮನೆಯ ಮೂಲೆಯಲ್ಲಿ ಕಸದ ರಾಶಿ ಇದ್ದರೆ, ಯಾರೋ ಗುಡಿಸಿದ್ದಾರೆ ಅಂತ ತಾನೇ ಅರ್ಥ?

ಹಾಗಾದರೆ ಕೊಲ್ಲುವುದು ಯಾವುದು? ಹೆಚ್ಚಿನ ಅನುಮಾನ ಇರುವುದು ಕೆಲವೇ ಅಣುಗಳು ಸೇರಿದ ಚಿಕ್ಕ ಗುಂಪುಗಳ ಮೇಲೆ. ಸರಿಯಾಗಿ ಮಡಚಿಕೊಂಡ ಪ್ರೋಟೀನ್ ತನ್ನ ಅಂಟು ಭಾಗವನ್ನು ಒಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಈ ಚಿಕ್ಕ ಗುಂಪುಗಳಲ್ಲಿ ಅದು ಹೊರಗೇ ಇರುತ್ತದೆ. ಅವು ಕೋಶದ ಪೊರೆಗೆ ಅಂಟುತ್ತವೆ, ಪೊರೆ ಸೋರುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಮಡಚಲು ನೆರವಾಗುವ ಶಾಪೆರೋನ್ ಪ್ರೋಟೀನ್‌ಗಳೂ ಇವುಗಳ ಹಿಂದೆಯೇ ಬಿದ್ದು ಉಳಿದ ಕೆಲಸ ಹಿಂದುಳಿಯುತ್ತದೆ.

ಹಾಗಂತ ದೊಡ್ಡ ಗಂಟು ಪೂರ್ತಿ ನಿರಪರಾಧಿ ಅನ್ನುತ್ತಿಲ್ಲ. ನರಕೋಶದ ಸಣ್ಣ ಎಳೆಯಲ್ಲಿ ಕೂತರೆ ಸಾಗಾಟಕ್ಕೆ ಅಡ್ಡ ಬರಬಹುದು. ಆದರೆ ಮಿದುಳಿನಲ್ಲಿ ಅಮಿಲಾಯ್ಡ್ (ಪ್ರೋಟೀನ್ ಅಣುಗಳು ಸಾಲಾಗಿ ಸೇರಿ ನಾರಿನಂತಾದ ರೂಪ) ಗಂಟುಗಳು ತುಂಬಿದ್ದರೂ ಕೊನೆಯವರೆಗೆ ನೆನಪು ಚೆನ್ನಾಗಿದ್ದವರೂ ಇದ್ದಾರೆ.

ಇನ್ನೊಂದು ವಿಷಯ, ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ನಮ್ಮ ದೇಹ ಬೇಕೆಂದೇ ಅಮಿಲಾಯ್ಡ್ ಕಟ್ಟುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂರುವುದು ಪಿಮೆಲ್ ಎಂಬ ಪ್ರೋಟೀನಿನ ಅಮಿಲಾಯ್ಡ್ ನಾರುಗಳ ಮೇಲೆ. ಕೋಶ ಆ ನಾರುಗಳನ್ನು ಪೊರೆ ಸುತ್ತಿದ ಚೀಲದೊಳಗೇ ಹೆಣೆಯುತ್ತದೆ. ಹೀಗಾಗಿ ಅರ್ಧಂಬರ್ಧ ಕಟ್ಟಿದ ತುಂಡುಗಳು ಹೊರಗೆ ಅಲೆಯುವ ಅವಕಾಶ ಕಡಿಮೆ.