ಹನ್ನೆರಡು ಫಿಟ್ಟಿಂಗು, ನಾಲ್ಕು ಬೋಲ್ಟು

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ದಿನಾ ಚಹಾ ಕುಡಿಯುವ ಗಾಡಿಯ ಮುಂದೆ ಒಂದು ಕಬ್ಬಿಣದ ಬೆಂಚಿದೆ. ಕಾಲು ನಾಲ್ಕು, ಆದರೆ ಪರಸಿ ಕಲ್ಲು ಏರುಪೇರು, ಹಾಗಾಗಿ ನೆಲಕ್ಕೆ ತಾಗುವುದು ಮೂರೇ. ನಾಲ್ಕು ಜನ ಒತ್ತಿ ಕೂತರೆ ಬೆಂಚು ಚೂರು ಬಾಗುತ್ತದೆ, ಆಗ ಆ ನಾಲ್ಕನೇ ಕಾಲೂ ಕೆಳಗೆ ತಾಗಿ ತನ್ನ ಪಾಲು ಹೊರುತ್ತದೆ. ವಿಮಾನದ ಡೋರ್ ಪ್ಲಗ್ ಭಾರ ಹಂಚುವುದೂ ಹೆಚ್ಚುಕಡಿಮೆ ಹೀಗೇ.

ಬಾಗಿಲು ಬೇಡವಾದ ಕಡೆ ಅದರ ಕಂಡಿ ಮುಚ್ಚುವ ಹಲಗೆಯೇ ಡೋರ್ ಪ್ಲಗ್. ಬೋಯಿಂಗ್ 737-9 ಮ್ಯಾಕ್ಸ್‌ನಲ್ಲಿ ಸೀಟು ಕಡಿಮೆ ಇದ್ದರೆ ಆ ಹೆಚ್ಚಿನ ತುರ್ತು ಬಾಗಿಲು ಬೇಕಿಲ್ಲ. ಪ್ಲಗ್ಗಿನ ತೂಕ ಬರೀ 28 ಕೆಜಿ ಚಿಲ್ಲರೆ. ಆದರೆ ಎತ್ತರದಲ್ಲಿ ಒಳಗಿನ ಗಾಳಿ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಅರ್ಧ ಕೆಜಿಗೂ ಜಾಸ್ತಿ ಒತ್ತುತ್ತದೆ. ಪ್ಲಗ್ ಸುಮಾರು ಒಂದು ಚದರ ಮೀಟರ್ ಅಂತ ಹಿಡಿದರೂ ಐದು ಟನ್ ಆಯಿತು, ನೂರು ಚೀಲ ಸಿಮೆಂಟು!

ಇಷ್ಟನ್ನೂ ತಡೆಯುವುದು ಎರಡೂ ಅಂಚಿನಲ್ಲಿ ಆರಾರರಂತೆ ಇರುವ 12 ಸ್ಟಾಪ್ ಫಿಟ್ಟಿಂಗ್, ಅಂದರೆ ಕಂಡಿಯ ಚೌಕಟ್ಟಿಗೆ ಜೋಡಿಸಿದ ತಡೆಗಳು. ಪ್ಲಗ್ಗಿನ ಪ್ಯಾಡುಗಳು ಒಳಗಿನಿಂದ ಇವಕ್ಕೆ ಆತು ನಿಲ್ಲುತ್ತವೆ. ಸಮನಾಗಿ ಹಂಚಿದರೆ ಒಂದೊಂದಕ್ಕೆ ಎಂಟು ಚೀಲ. ಆದರೆ ಸಮನಾಗಿ ಹಂಚುವುದು ಸುಲಭವಲ್ಲ: ಒಂದು ಪ್ಯಾಡು ಕೂದಲೆಳೆಯಷ್ಟು ದೂರ ಉಳಿದರೂ ಅದರ ಪಾಲು ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಒತ್ತಡ ಏರಿ ಹಲಗೆ ಹೊರಗೆ ಉಬ್ಬಿ ಆ ಸಂದು ಮುಚ್ಚುವ ತನಕ. ಅದಕ್ಕೇ ಜೋಡಿಸುವಾಗ ಆ ಸಂದನ್ನು ಅಷ್ಟು ಜೋಪಾನವಾಗಿ ಹೊಂದಿಸಬೇಕು.

ಇನ್ನು ನಾಲ್ಕು ಬೋಲ್ಟು. ಗಾಳಿಯ ಆ ಐದು ಟನ್ನಿನಲ್ಲಿ ಇವಕ್ಕೆ ಪಾಲೇ ಇಲ್ಲ! ಪ್ಲಗ್ ಮೇಲಕ್ಕೆ ಜಾರದಂತೆ ಹಿಡಿಯುವುದಷ್ಟೇ ಇವುಗಳ ಕೆಲಸ, ಏಕೆಂದರೆ ತಪಾಸಣೆಗೆ ತೆಗೆಯುವಾಗ ಅದನ್ನು ಮೊದಲು ಮೇಲಕ್ಕೆತ್ತುತ್ತಾರೆ, ಆಗ ಪ್ಯಾಡುಗಳು ಫಿಟ್ಟಿಂಗುಗಳನ್ನು ತಪ್ಪಿಸಿಕೊಂಡು ಪ್ಲಗ್ ಹೊರಗೆ ವಾಲುತ್ತದೆ. ನಮ್ಮ ಕಡೆ ಹಳೇ ಬಾಗಿಲನ್ನು ಎತ್ತಿ ತಿರುಗುಣಿಯಿಂದ ಬಿಡಿಸ್ತೀವಲ್ಲ, ಹಾಗೆ.

2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್ ವಿಮಾನದಲ್ಲಿ ಆದದ್ದು ಇದೇ. ಕಾರ್ಖಾನೆಯಲ್ಲಿ ರಿವೆಟ್ ರಿಪೇರಿಗೆಂದು ಬಿಚ್ಚಿದ ನಾಲ್ಕೂ ಬೋಲ್ಟನ್ನು ಮತ್ತೆ ಹಾಕಿರಲಿಲ್ಲ. ಆದರೂ ನೂರಕ್ಕೂ ಹೆಚ್ಚು ಸಲ ಅದು ಹಾರಿತ್ತು, ಅಷ್ಟು ದಿನ ಪ್ಲಗ್ ಇಷ್ಟಿಷ್ಟೇ ಮೇಲಕ್ಕೆ ಸರಿಯುತ್ತಿತ್ತು. ಆ ಸಂಜೆ ಸುಮಾರು 15 ಸಾವಿರ ಅಡಿಯಲ್ಲಿ ಅದು ಕಿತ್ತು ಹಾರಿಹೋಯಿತು. ಯಾರ ಜೀವವೂ ಹೋಗಲಿಲ್ಲ, ಸದ್ಯ. ಒಂದು ಮನೆಯ ಹಿತ್ತಲಲ್ಲಿ ಸಿಕ್ಕ ಪ್ಲಗ್ಗಿನಲ್ಲಿ ತನಿಖೆಯವರು ಬೋಲ್ಟಿನ ತೂತುಗಳನ್ನು ಹತ್ತಿರದಿಂದ ನೋಡಿದರು. ಬೋಲ್ಟು ಇದ್ದು ಮುರಿದಿದ್ದರೆ ತೂತಿನ ಅಂಚು ಹಿಗ್ಗಿರಬೇಕು, ಗೀರು ಬಿದ್ದಿರಬೇಕು. ಅಂಥ ಗುರುತು ಒಂದೂ ಇರಲಿಲ್ಲ.