ಗಾಂಧಿ, ಅಣುಬಾಂಬ್ ಮತ್ತು 255

ಸಿವಿಲೈಸೇಶನ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಗಾಂಧೀಜಿ ಅಣುಬಾಂಬ್ ಹಾಕುತ್ತಾರೆ. ಅದರಲ್ಲಿ ನೀವು ಒಂದು ದೇಶದ ನಾಯಕ, ಉಳಿದ ದೇಶಗಳ ನಾಯಕರನ್ನು ಕಂಪ್ಯೂಟರ್ ಆಡಿಸುತ್ತದೆ, ಎಲ್ಲರೂ ಸರದಿ ಪ್ರಕಾರ ನಡೆ ಇಡುತ್ತಾರೆ. ಭಾರತದ ನಾಯಕ ಗಾಂಧಿ. ಕಂಪ್ಯೂಟರ್ ಗೇಮ್ ಆಡುವವರಿಗೆಲ್ಲ ಇದು ಗೊತ್ತು. ಆಡದವರಿಗೂ ಯಾವುದೋ ಮೀಮ್ ಮೂಲಕ ಮುಟ್ಟಿರುತ್ತದೆ. ಯಾಕೆ ಹಾಕುತ್ತಾರೆ ಅಂತ ಕೇಳಿದರೆ ಒಂದು ಕತೆ ರೆಡಿ ಇರುತ್ತದೆ. 1991ರಲ್ಲಿ ಸಿಡ್ ಮೈಯರ್ ಮಾಡಿದ, ಈ ಸರಣಿಯ ಮೊದಲ ಆಟದಲ್ಲಿ ಪ್ರತಿ ನಾಯಕನಿಗೂ ಜಗಳಗಂಟತನದ ಅಂಕ ಇತ್ತಂತೆ. ಗಾಂಧಿಗೆ ಎಲ್ಲರಿಗಿಂತ ಕಡಿಮೆ, 1. ಭಾರತ ಪ್ರಜಾಪ್ರಭುತ್ವಕ್ಕೆ ಬಂದ ಕೂಡಲೇ ಆಟ ಅದರಿಂದ 2 ಕಳೆಯುತ್ತಿತ್ತಂತೆ. ಬರಬೇಕಾದದ್ದು −1. ಆದರೆ ಆ ಅಂಕ ಇಟ್ಟಿದ್ದ ಎಂಟು ಬಿಟ್ ಜಾಗದಲ್ಲಿ ಋಣಸಂಖ್ಯೆಗೆ ಅವಕಾಶ ಇರಲಿಲ್ಲವಂತೆ. ಅಂಕ ಸುತ್ತಿಕೊಂಡು ಬಂದು 255 ಆಯಿತಂತೆ. ಮಹಾತ್ಮ ಒಂದೇ ಏಟಿಗೆ ಲೋಕದ ಅತಿ ಕ್ರೂರ ದೊರೆಯಾಗಿಬಿಟ್ಟರಂತೆ.

ಕತೆ ಚೆನ್ನಾಗಿದೆ, ಅಲ್ವಾ? ಆದರೆ ಬರೀ ಅಂತೆಕಂತೆ. ಜಾತಕ ನೋಡುವವರನ್ನು ಕಂಡು ನಗುವ ಹುಡುಗರೇ ಇದನ್ನು ಕಣ್ಣುಮುಚ್ಚಿ ನಂಬಿದ್ದಾರಲ್ಲ, ನನಗೆ ಸಿಟ್ಟು ಅದಕ್ಕೆ. ಬಿಟ್ಟು, ಬೈಟು ಅಂತ ನಾಲ್ಕು ಮಾತು ಸೇರಿಸಿದರೆ ಸಾಕು, ಗಾಳಿಸುದ್ದಿಗೂ ವಿಜ್ಞಾನದ ವೇಷ ಬಂದುಬಿಡುತ್ತದೆ.

ಕತೆಯೊಳಗಿನ ಲೆಕ್ಕ ಮಾತ್ರ ನಿಜವಾದ ಲೆಕ್ಕವೇ. ಅದನ್ನು ಬಿಡಿಸಿ ಹೇಳುವುದು ನನಗೆ ಇಷ್ಟ, ಹಾಗಾಗಿ ಸ್ವಲ್ಪ ತಾಳಿಕೊಳ್ಳಿ. ಎಂಟು ಬಿಟ್ ಅಂದರೆ ಎಂಟು ಮನೆ, ಒಂದೊಂದರಲ್ಲೂ 0 ಅಥವಾ 1. ಒಟ್ಟು 256 ಜೋಡಣೆ ಆಗುತ್ತದೆ, ಅಂದರೆ 0ಯಿಂದ 255ರ ತನಕ ಎಣಿಸಬಹುದು. 00000001ರಲ್ಲಿ ಒಂದು ಕಳೆದರೆ 00000000. ಇನ್ನೂ ಒಂದು ಕಳೆಯಬೇಕು. ಕೊನೇ ಮನೆಯಲ್ಲಿ ಏನೂ ಇಲ್ಲ, ಪಕ್ಕದಿಂದ ಸಾಲ ತರಬೇಕು. ಪಕ್ಕದಲ್ಲೂ ಇಲ್ಲ, ಅದರ ಪಕ್ಕದಲ್ಲೂ ಇಲ್ಲ. ಸಾಲ ಕೇಳುತ್ತಾ ಹೋಗಿ ಎಡತುದಿ ಮುಟ್ಟಿದರೆ ಮುಂದೆ ಮನೆಯೇ ಇಲ್ಲ. ಕಂಪ್ಯೂಟರ್ ಅದಕ್ಕೆಲ್ಲ ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲದ ಒಂಬತ್ತನೇ ಮನೆಯಿಂದ ಸಾಲ ತಂದ ಹಾಗೆ ಲೆಕ್ಕ ಮುಗಿಸುತ್ತದೆ. ಉಳಿಯುವುದು 11111111. ಹಳೇ ಸ್ಕೂಟರಿನ ಕಿಲೋಮೀಟರ್ ಚಕ್ರಗಳನ್ನು 00000ದಿಂದ ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರೆ 99999 ಬರುತ್ತದಲ್ಲ, ಅದೇ ಇದು.

ಮಜಾ ಇರುವುದು ಮುಂದೆ. ಈ 11111111 ಅಂದರೆ ಎಷ್ಟು? ಓದುವವರ ಮೇಲೆ ಹೋಗುತ್ತದೆ. ಧನಸಂಖ್ಯೆ ಮಾತ್ರ ಅಂತ ಓದಿದರೆ 255. ಋಣಸಂಖ್ಯೆಯೂ ಇರಬಹುದು ಅಂತ ಓದಿದರೆ ಅದೇ ಎಂಟು ಒಂದುಗಳು −1. ಮೆಮೊರಿಯಲ್ಲಿ ಒಂದು ಚುಕ್ಕೆಯೂ ಬದಲಾಗಿರುವುದಿಲ್ಲ. ಯಾವ ರೀತಿ ಓದಬೇಕು ಅಂತ ಹೇಳುವುದು ಪ್ರೋಗ್ರಾಂ ಬರೆದವರು. ಅವರು ಎಡವಿದರೆ ಅನಾಹುತ ನಿಜವಾಗಿಯೂ ಆಗುತ್ತದೆ. ಪ್ಯಾಕ್‌ಮ್ಯಾನ್ ಆಟದ 256ನೇ ಹಂತದಲ್ಲಿ ಎಣಿಕೆ ಹೀಗೇ ಸುತ್ತಿ ಬಂದು ಪರದೆಯ ಬಲ ಅರ್ಧ ಕಸದಬುಟ್ಟಿಯಾಗುತ್ತಿತ್ತು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ಚೂರಾಯಿತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್ ಜಾಗಕ್ಕೆ ತುರುಕಲು ಹೋಗಿದ್ದೇ ಕಾರಣ. ಬೋಯಿಂಗ್ 787 ವಿಮಾನದ ವಿದ್ಯುತ್ ವ್ಯವಸ್ಥೆಯನ್ನು ಒಂದೇಸಮ 248 ದಿನ ಆನ್ ಇಟ್ಟರೆ ಅದು ತಾನಾಗಿ ಆಫ್ ಆಗಬಹುದು ಅಂತ 2015ರಲ್ಲಿ ಗೊತ್ತಾಯಿತು. ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ, ಋಣಸಂಖ್ಯೆಗೂ ಅವಕಾಶ ಇರುವ 32 ಬಿಟ್‌ನ ಎಣಿಕೆ ತುಂಬಿಹೋಗಲು ಬೇಕಾಗುವುದು ಸುಮಾರು ಅಷ್ಟೇ ಕಾಲ.

ಅಂದರೆ ಇಂಥ ದೋಷ ಇದೆ. ಗಾಂಧಿಯಲ್ಲಿ ಇರಲಿಲ್ಲ, ಅಷ್ಟೇ.

2020ರಲ್ಲಿ ಬಂದ ಆತ್ಮಕಥೆಯಲ್ಲಿ ಮೈಯರ್ ಇದನ್ನು ನೇರವಾಗಿ ಅಲ್ಲಗಳೆದರು. ಆಟ ಬರೆದದ್ದು ಸಿ ಭಾಷೆಯಲ್ಲಿ. ಬೇರೆ ಏನೂ ಹೇಳದಿದ್ದರೆ ಅದು ಪೂರ್ಣಾಂಕಗಳನ್ನು ಋಣಸಂಖ್ಯೆ ಸಮೇತವೇ ಓದುತ್ತದೆ. −1 ಬಂದಿದ್ದರೂ −1 ಆಗಿಯೇ ಇರುತ್ತಿತ್ತು. ಪ್ರಜಾಪ್ರಭುತ್ವ ಬಂದರೆ ಅಂಕ ಇಳಿಯುವ ವ್ಯವಸ್ಥೆಯೂ ಇರಲಿಲ್ಲ. ಎರಡನೇ ಸಿವಿಲೈಸೇಶನ್ ರೂಪಿಸಿದ ಬ್ರಯನ್ ರೆನಾಲ್ಡ್ಸ್ ಇನ್ನೂ ಒಂದು ಮಾತು ಸೇರಿಸಿದ್ದಾರೆ. ಮೊದಲ ಆಟದಲ್ಲಿ ಜಗಳಗಂಟತನಕ್ಕೆ ಇದ್ದದ್ದೇ ಮೂರು ಮಟ್ಟ. ಗಾಂಧಿ ಇದ್ದದ್ದು ಕೆಳಗಿನ ಮಟ್ಟದಲ್ಲಿ, ಮೂರನೇ ಒಂದು ಪಾಲು ನಾಯಕರ ಜೊತೆ. ಯಾರಿಗಾದರೂ 255 ಅಂತ ಬರೆದಿದ್ದರೂ ಆಟಕ್ಕೆ ಅದು 3ರಷ್ಟೇ ಆಗುತ್ತಿತ್ತು. ಈ ಒಂದು ಮಾತಿಗೇ ಕತೆ ಕುಸಿಯುತ್ತದೆ.

ಹಾಗಾದರೆ ಜನ ಕಂಡದ್ದೇನು? ಅದು ಸುಳ್ಳಲ್ಲ. ಆಟದಲ್ಲಿ ಭಾರತಕ್ಕೆ ವಿಜ್ಞಾನದ ಕಡೆ ಒಲವು ಜಾಸ್ತಿ. ಹಾಗಾಗಿ ಅಣ್ವಸ್ತ್ರ ಅವರ ಕೈಗೆ ಬೇಗ ಬರುತ್ತಿತ್ತು. ಅಣ್ವಸ್ತ್ರ ಇರುವ ಯಾವ ನಾಯಕ ಮಾತಿಗೆ ಬಂದರೂ ನಮ್ಮ ಮಾತಿನ ಹಿಂದೆ ಅಣುಬಾಂಬ್ ಇದೆ ಅಂತ ಬೆದರಿಸುವುದು ಆಟದ ರೂಢಿ. ಲಿಂಕನ್ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ತುಂಡುಬಟ್ಟೆ ಉಟ್ಟ ಗಾಂಧಿ ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ. ನೆನಪಿರುವುದೇ ಜಾಸ್ತಿ ಸಲ ನಡೆದದ್ದು ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಆಸ್ಪತ್ರೆಯಲ್ಲಿ ಹುಣ್ಣಿಮೆ ದಿನ ಗಲಾಟೆ ಜಾಸ್ತಿ ಅಂತ ನಂಬುವುದೂ ಹೀಗೇ.

255ರ ಕತೆ ಅಂತರ್ಜಾಲದಲ್ಲಿ ಹಬ್ಬಿದ್ದು 2012ರ ನಂತರ, ಮೊದಲ ಆಟ ಬಂದು ಇಪ್ಪತ್ತು ವರ್ಷ ಆದಮೇಲೆ! ಅದಕ್ಕೆ ಮೊದಲೇ, 2010ರ ಐದನೇ ಆಟದಲ್ಲಿ, ಅದರ ವಿನ್ಯಾಸಕ ಜಾನ್ ಶೇಫರ್ ತಮಾಷೆಗೆ ಗಾಂಧಿಯ ಅಣ್ವಸ್ತ್ರ ಚಪಲವನ್ನು 12ಕ್ಕೆ ಏರಿಸಿದ್ದರು. ಅಲ್ಲಿ ಪ್ರತಿ ನಾಯಕನ ಗುಣಗಳಿಗೂ 1ರಿಂದ 10ರ ತನಕ ಅಂಕ. ಪ್ರತಿ ಆಟದ ಶುರುವಿನಲ್ಲಿ ಕಂಪ್ಯೂಟರ್ ಅದನ್ನು ಹೆಚ್ಚೆಂದರೆ 2 ಮೇಲೆ ಕೆಳಗೆ ಮಾಡುತ್ತದೆ, ಒಬ್ಬನೇ ನಾಯಕ ಪ್ರತಿ ಸಲ ಒಂದೇ ಥರ ಆಡಬಾರದಲ್ಲ. ಗಾಂಧಿಗೆ 12 ಇದ್ದರೆ ಎಷ್ಟೇ ಇಳಿದರೂ 10. ಕಂಪ್ಯೂಟರಿನ ದೋಷ ಅಂತ ಹೆಸರಾದದ್ದು ಮನುಷ್ಯರು ಕೂತು ಬರೆದ ಸಂಖ್ಯೆ.

ಈ ಗದ್ದಲದಲ್ಲಿ ನಿಜವಾದ ಸೊಗಸು ಹಿಂದೆ ಉಳಿದುಬಿಟ್ಟಿತು. ಎದುರಾಳಿ ದೇಶಗಳು ಒಬ್ಬರನ್ನೊಬ್ಬರು ಹೇಗೆ ತೂಗಿ ನೋಡುತ್ತವೆ ಎಂಬುದು ಆ ಒಂದು ಅಂಕಕ್ಕಿಂತ ಎಷ್ಟೋ ರುಚಿಯಾದ ವಿಷಯ.

ಎಲ್ಲ ಶುರುವಾಗುವುದು ಪರಿಚಯದಿಂದ. ನಕ್ಷೆ ಮೊದಲು ಕಪ್ಪಗಿರುತ್ತದೆ. ನಿಮ್ಮ ಕಾಲಾಳು ಬೆಟ್ಟ ಹತ್ತಿ ಇಳಿದಾಗ ಪಕ್ಕದ ಚೌಕದಲ್ಲಿ ಬೇರೆ ಬಣ್ಣದ ಕಾಲಾಳು ನಿಂತಿರುತ್ತಾನೆ, ಅವರ ದೊರೆಯ ಮುಖ ಪರದೆ ಮೇಲೆ ಬರುತ್ತದೆ. ಅಲ್ಲಿಯ ತನಕ ಆ ದೇಶ ನಿಮ್ಮ ಪಾಲಿಗೆ ಇಲ್ಲ. ಮೂರನೇ ಆಟದಲ್ಲಂತೂ ಪರಿಚಯವೇ ಒಂದು ಸರಕು. ನನಗೆ ಗೊತ್ತಿರುವ ದೊರೆಯನ್ನು ನಿನಗೆ ಪರಿಚಯಿಸುತ್ತೇನೆ, ಬದಲಿಗೆ ಇಷ್ಟು ಚಿನ್ನ ಕೊಡು ಅನ್ನಬಹುದು. ಮಧ್ಯವರ್ತಿಗೆ ಅಲ್ಲಿ ಭಾರೀ ಲಾಭ. ನಾಲ್ಕನೇ ಆಟದಲ್ಲಿ ಇನ್ನೊಂದು ಉಪಾಯ ಇದೆ. ನಿಮಗೆ ಪರಿಚಯ ಇರುವ ದೇಶಗಳು ಒಂದು ವಿದ್ಯೆಯನ್ನು ಮೊದಲೇ ಕಲಿತಿದ್ದರೆ ನಿಮಗೆ ಅದನ್ನು ಕಲಿಯುವ ಖರ್ಚು ಇಳಿಯುತ್ತದೆ. ದೂರದ ದ್ವೀಪದಲ್ಲಿ ಒಂಟಿಯಾಗಿ ಕೂತ ದೇಶ ಹಿಂದೆ ಬೀಳುತ್ತದೆ.

ಪರಿಚಯ ಆದಮೇಲೆ ಶುರು ಕೂಡು-ಕಳೆ. 2005ರ ಈ ನಾಲ್ಕನೇ ಆಟದಲ್ಲಿ ಅದನ್ನು ಕಣ್ಣಾರೆ ನೋಡಬಹುದು. ದೊರೆಯ ಹೆಸರಿನ ಮೇಲೆ ಮೌಸ್ ಇಡಿ, ಮನಸ್ಸಿನಲ್ಲಿರುವುದು ಪಟ್ಟಿಯಾಗಿ ಬಿಚ್ಚಿಕೊಳ್ಳುತ್ತದೆ. ಸ್ಪೇನಿನ ಇಸಬೆಲ್ಲಾ ಪಕ್ಕದಲ್ಲಿದ್ದಾಳೆ ಅಂತಿಟ್ಟುಕೊಳ್ಳಿ. ಗಡಿ ತಾಗಿಕೊಂಡಿದೆ, −2. ನಿಮ್ಮ ಧರ್ಮ ಬೇರೆ, −4. ಆಕೆಗೆ ಧರ್ಮದ ವಿಷಯದಲ್ಲಿ ಸಿಟ್ಟು ಮೂಗಿನ ತುದಿಯಲ್ಲೇ. ಬಹುಕಾಲ ಜಗಳವಿಲ್ಲದೆ ಇದ್ದೀರಿ, +1. ಒಟ್ಟು −5. ಮೊತ್ತ −3 ಅಥವಾ ಅದಕ್ಕಿಂತ ಕೆಳಗಿದ್ದರೆ ಮುನಿಸು, −10 ಮುಟ್ಟಿದರೆ ಕೆಂಡಾಮಂಡಲ. +3 ಆದರೆ ಪ್ರಸನ್ನ, +10 ಆದರೆ ಗೆಳೆತನ. ಯುದ್ಧ ಸಾರಿದ್ದು, ಕೇಳಿದ ಸಹಾಯ ಕೊಡದಿದ್ದದ್ದು, ಶತ್ರುವಿನ ಜೊತೆ ವ್ಯಾಪಾರ ಮಾಡಿದ್ದು, ಎಲ್ಲಕ್ಕೂ ಅಲ್ಲಿ ಒಂದೊಂದು ಸಾಲು.

ಇದರಲ್ಲಿ ಕೆಲವು ನೆನಪು ಮಾಸುತ್ತವೆ. ಪ್ರತಿ ಸರದಿಗೂ ಕಂಪ್ಯೂಟರ್ ಒಳಗೊಳಗೇ ದಾಳ ಉರುಳಿಸುತ್ತದೆ, ಬಿದ್ದರೆ ಹಳೇ ದೂರು ಒಂದು ಅಳಿಸಿಹೋಗುತ್ತದೆ. ಕ್ಷಮೆ ಅಲ್ಲಿ ಸಂಭವನೀಯತೆಯ ಲೆಕ್ಕ. ಪಟ್ಟಿಯಲ್ಲಿ ಕಾಣದ ಅಂಕಗಳೂ ಇವೆ. ಶಾಂತಿಪ್ರಿಯ ನಾಯಕರಿಗೂ ಯುದ್ಧಪ್ರಿಯ ನಾಯಕರಿಗೂ ಹುಟ್ಟಿನಿಂದಲೇ ಆಗಿಬರುವುದಿಲ್ಲ.

ಆ ಪಟ್ಟಿಯ ಎರಡು ಸಾಲು ನೋಡಿದಾಗ ನನಗೆ ನೆನಪಾಗುವುದು ಮೈಸೂರು. ಗಡಿ ತಾಗಿದರೆ ಋಣ ಅಂಕ, ಒಂದೇ ಶತ್ರುವಿನ ಮೇಲೆ ಜೊತೆಯಾಗಿ ಯುದ್ಧ ಮಾಡಿದರೆ ಧನ ಅಂಕ. ಕೌಟಿಲ್ಯನ ಅರ್ಥಶಾಸ್ತ್ರದ ಮಂಡಲ ಸಿದ್ಧಾಂತ ಹೇಳುವುದೂ ಇದನ್ನೇ. ಗೆಲ್ಲಬಯಸುವ ರಾಜ ನಡುವೆ. ಅವನ ಪಕ್ಕದವನು ಅರಿ. ಅರಿಯ ಆಚೆ ಪಕ್ಕದವನು ಮಿತ್ರ. ಅವನಾಚೆ ಅರಿಯ ಮಿತ್ರ. ಹೀಗೆ ಬಳೆಯೊಳಗೆ ಬಳೆ. ಈ ಗ್ರಂಥ ಶತಮಾನಗಟ್ಟಲೆ ಕಳೆದುಹೋಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಲ್ಲಿ ಅದನ್ನು ಗುರುತು ಹಿಡಿದು 1909ರಲ್ಲಿ ಅಚ್ಚು ಹಾಕಿಸಿದರು. 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಆಟ ಮಾಡಿದವರು ಕೌಟಿಲ್ಯನಿಂದ ಕಲಿತರು ಅಂತ ನಾನು ಹೇಳುತ್ತಿಲ್ಲ. ನಮ್ಮ ಋಷಿಗಳು ವಿಡಿಯೋ ಗೇಮ್ ಕಂಡುಹಿಡಿದಿದ್ದರು ಅಂತ ಇದನ್ನೇ ವಾಟ್ಸಾಪಿನಲ್ಲಿ ಹರಿಬಿಡಬೇಡಿ, ಪ್ಲೀಸ್. ನೆಲ ಸೀಮಿತವಾಗಿದ್ದಾಗ ಪಕ್ಕದವನೇ ಮೊದಲ ಪೈಪೋಟಿಗಾರ. ಎರಡು ಸಾವಿರ ವರ್ಷದ ಅಂತರದಲ್ಲಿ ಇಬ್ಬರೂ ಒಂದೇ ತೀರ್ಮಾನಕ್ಕೆ ಬರಲು ಅಷ್ಟೇ ಸಾಕು.

ಆದರೆ ಕೌಟಿಲ್ಯನ ರಾಜ ಗೆಲ್ಲಲು ಹೊರಟವನು. ಆಟದ ಕಂಪ್ಯೂಟರ್ ದೊರೆ ಗೆಲ್ಲಲು ಹೊರಡಬೇಕೇ? ವಿನ್ಯಾಸಕರಿಗೆ ದೊಡ್ಡ ತಲೆನೋವು ಇದು. ಆಕಾಶನೌಕೆಯನ್ನು ಆಲ್ಫಾ ಸೆಂಟಾರಿಗೆ ಕಳಿಸಿದರೆ ನೀವು ಗೆದ್ದಂತೆ. ಅದು ಹೊರಡುವ ಮುನ್ನ ಬುದ್ಧಿವಂತ ಎದುರಾಳಿ ಏನು ಮಾಡಬೇಕು? ಸಾವಿರಾರು ವರ್ಷದ ಗೆಳೆತನ ಬದಿಗಿಟ್ಟು ಮುಗಿಬೀಳಬೇಕು. ಗೆಳೆತನದ ಫಲ ಸಿಗಲು ಮುಂದೆ ಸರದಿಗಳೇ ಉಳಿದಿಲ್ಲವಲ್ಲ. ಕೊನೇ ಸರದಿಯಲ್ಲಿ ಮೋಸ ಖಚಿತ ಅಂದರೆ ಅದರ ಹಿಂದಿನ ಸರದಿಯಲ್ಲೇ ಮೋಸ ಮಾಡುವುದು ಮೇಲು. ಹಾಗಂದರೆ ಅದಕ್ಕೂ ಹಿಂದಿನದರಲ್ಲೇ. ಹೀಗೆ ಎಳೆಯುತ್ತಾ ಹೋದರೆ ಮೊದಲ ಸರದಿಯಲ್ಲೇ ನಂಬಿಕೆ ಸತ್ತಿರುತ್ತದೆ. ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ 1980ರ ಸುಮಾರಿಗೆ ಪ್ರೋಗ್ರಾಂಗಳ ನಡುವೆ ಇಂಥದೇ, ಪ್ರತಿ ಸುತ್ತಿನಲ್ಲೂ ಕೈಜೋಡಿಸುವುದೋ ಮೋಸ ಮಾಡುವುದೋ ಅಂತ ಆರಿಸುವ ಪಂದ್ಯ ನಡೆಸಿದರು. ಮೊದಲ ಪಂದ್ಯದಲ್ಲಿ ಸರಿಯಾಗಿ 200 ಸುತ್ತು. ಎರಡನೆಯದರಲ್ಲಿ ಎಷ್ಟು ಸುತ್ತು ಅಂತ ಮೊದಲೇ ಗೊತ್ತಾಗದ ಹಾಗೆ ಮಾಡಿದರು. ಕೊನೆ ಗೊತ್ತಿದ್ದರೆ ಆಟ ಕೆಡುತ್ತದೆ. ಎರಡರಲ್ಲೂ ಗೆದ್ದದ್ದು ಏಟಿಗೆ ಏಟು, ಒಳ್ಳೇದಕ್ಕೆ ಒಳ್ಳೇದು ಅನ್ನುವ ಪುಟಾಣಿ ಪ್ರೋಗ್ರಾಂ.

ನಾಲ್ಕನೇ ಸಿವಿಲೈಸೇಶನ್ ರೂಪಿಸಿದ ಸೋರೆನ್ ಜಾನ್ಸನ್ ಬೇರೆ ದಾರಿ ಹಿಡಿದರು. ಗೆಲ್ಲುವ ಕಂಪ್ಯೂಟರ್ ಬೇರೆ, ಆಡಲು ಮಜಾ ಕೊಡುವ ಕಂಪ್ಯೂಟರ್ ಬೇರೆ ಎಂಬುದು 2008ರ ಒಂದು ಉಪನ್ಯಾಸದಲ್ಲಿ ಅವರು ಇಟ್ಟ ವಾದ. ಅವರ ಆಟದಲ್ಲಿ +10 ಗೆಳೆಯ ನಿಮ್ಮ ನೌಕೆ ಹಾರುವುದನ್ನು ಸುಮ್ನೆ ನೋಡುತ್ತಾ ಕೂರುತ್ತಾನೆ. ಅದು ದಡ್ಡತನ, ನಿಜ. ಆದರೆ ಆ ದಡ್ಡತನ ಇಲ್ಲದಿದ್ದರೆ ಆಟಗಾರನಿಗೆ ರಾಯಭಾರ ಮಾಡುವುದರಲ್ಲಿ ಅರ್ಥವೇ ಇರುವುದಿಲ್ಲ. ನನ್ನ ಮಟ್ಟಿಗೆ ಜಾನ್ಸನ್ ಹೇಳಿದ್ದೇ ಸರಿ. ಐದನೇ ಆಟದ ದೊರೆಗಳು ಇವತ್ತು ಸ್ನೇಹ ಘೋಷಿಸಿ ನಾಳೆ ಖಂಡಿಸುವುದನ್ನು ನೋಡಿದವರು ಒಪ್ಪುತ್ತೀರಿ.

ಮನುಷ್ಯರ ಜೊತೆ ಆನ್‌ಲೈನ್ ಆಡುವಾಗ ಮೌಸ್ ಇಟ್ಟರೆ ಬರುವ ಪಟ್ಟಿಯಿಂದ ಉಪಯೋಗವಿಲ್ಲ. ಅಲ್ಲಿ ಪಳಗಿದ ಆಟಗಾರರು ಬಾಯಿಮಾತಿಗೆ ಬದಲು ಸರದಿಯ ಸಂಖ್ಯೆ ಹಾಕಿ ಒಪ್ಪಂದ ಮಾಡಿಕೊಳ್ಳುತ್ತಾರೆ. ನ್ಯಾಪ್ ಅನ್ನುತ್ತಾರೆ ಅದಕ್ಕೆ, ನಾನ್ ಅಗ್ರೆಶನ್ ಪ್ಯಾಕ್ಟ್ ಅನ್ನುವುದರ ಚಿಕ್ಕ ರೂಪ. 150ನೇ ಸರದಿ ತನಕ ನೀನು ನನ್ನ ಮೇಲೆ ಬೀಳಬೇಡ, ನಾನು ನಿನ್ನ ಮೇಲೆ ಬೀಳುವುದಿಲ್ಲ ಅಂತ. 140 ದಾಟುತ್ತಿದ್ದ ಹಾಗೆ ಎರಡೂ ಕಡೆಯವರು ಗಡಿಯ ಊರುಗಳಲ್ಲಿ ಸೈನ್ಯ ತುಂಬಲು ಶುರು ಮಾಡುತ್ತಾರೆ.